ಅಮೆಡಿಯೊ ಅವೊಗಾಡ್ರೊ

ಅಮೆಡಿಯೊ ಅವೊಗಾಡ್ರೊ (9 ಆಗಸ್ಟ್ 1776 – 9 ಜುಲೈ 1856) ಇಟಲಿಯ ಭೌತ ಹಾಗೂ ರಸಾಯನ ವಿಜ್ಞಾನಿ. ಒಂದೇ ತಾಪ ಮತ್ತು ಒತ್ತಡದಲ್ಲಿರುವ ಸಮಾನ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮಾನವಾಗಿರುತ್ತದೆ ಎಂಬ ನಿಯಮವನ್ನು ಮಂಡಿಸಿದವರು ಇವರು. ಮೋಲ್‌ಗಳನ್ನು ಪರಮಾಣುಗಳ ಸಂಖ್ಯೆಗೆ ಪರಿವರ್ತಿಸಲು ಬಳಸುವ ಸಂಖ್ಯೆಗೂ ಇವರ ಹೆಸರೇ ಇದೆ. ಆದರೆ ಅದನ್ನು ಲೆಕ್ಕಹಾಕಿದವರು ಇವರಲ್ಲ.

ಜೀವನ

ಟ್ಯೂರಿನ್ ನಗರದ ಶ್ರೀಮಂತ ಮನೆತನವೊಂದರಲ್ಲಿ ಜನಿಸಿದ ಅವೊಗಾಡ್ರೊ, ಮನೆತನದ ವೃತ್ತಿಯಾದ ಕಾನೂನನ್ನೇ ಅಭ್ಯಾಸ ಮಾಡಿ 1796ರಲ್ಲಿ ಚರ್ಚಿನ ಕಾನೂನಿನಲ್ಲಿ ಡಾಕ್ಟರೇಟ್ ಪಡೆದರು. ಗಣಿತ ಮತ್ತು ಭೌತಶಾಸ್ತ್ರವನ್ನು ಆ ಬಳಿಕ ಸ್ವಂತವಾಗಿ ಕಲಿತರು. 1809ರಲ್ಲಿ ವೆರ್ಚೆಲ್ಲಿಯಲ್ಲಿ ಅಧ್ಯಾಪಕರಾದರು. 1820ರಲ್ಲಿ ಟ್ಯೂರಿನ್ ವಿಶ್ವವಿದ್ಯಾಲಯದಲ್ಲಿ ದೊರೆತ ಪ್ರಾಧ್ಯಾಪಕ ಹುದ್ದೆ, 1821ರ ರಾಜಕೀಯ ಕ್ಷೋಭೆಯ ನಂತರ ಕೈತಪ್ಪಿತು. 1834ರಲ್ಲಿ ಮರಳಿ ನೇಮಕಗೊಂಡು 1850ರವರೆಗೆ ಬೋಧಿಸಿದರು.

1811ರ ಪ್ರಬಂಧ

ಎರಡು ಪಾಲು ಜಲಜನಕವು ಒಂದು ಪಾಲು ಆಮ್ಲಜನಕದೊಡನೆ ಸೇರಿದಾಗ ಎರಡು ಪಾಲು ನೀರಾವಿ ಉಂಟಾಗುತ್ತದೆ ಎಂಬುದನ್ನು ಗೇ-ಲುಸಾಕ್ ತೋರಿಸಿದ್ದರು. ಪರಮಾಣು ಒಡೆಯುವುದಿಲ್ಲವೆಂದಾದರೆ ಒಂದು ಪಾಲು ಆಮ್ಲಜನಕವು ಎರಡು ಪಾಲು ನೀರಾವಿಗೆ ಹಂಚಿಕೆಯಾಗುವುದು ಹೇಗೆ? ಆಮ್ಲಜನಕದ ಪ್ರತಿ ಕಣವೂ ಎರಡು ಪರಮಾಣುಗಳ ಜೋಡಿ, ಕ್ರಿಯೆಯಲ್ಲಿ ಅದು ಎರಡಾಗುತ್ತದೆ ಎಂಬುದು ಅವೊಗಾಡ್ರೊ ಅವರ ಉತ್ತರದ ಸಾರ. ಒಂದೇ ಬಗೆಯ ಪರಮಾಣುಗಳು ಪರಸ್ಪರ ಕೂಡುವುದು ಅಸಾಧ್ಯವೆಂದು ನಂಬಿದ್ದ ಡಾಲ್ಟನ್ ಇದನ್ನು ಒಪ್ಪಲಿಲ್ಲ. ಪರಿಣಾಮವಾಗಿ ಅರ್ಧ ಶತಮಾನದ ಕಾಲ ನೀರಿನ ಸೂತ್ರದ ಬಗ್ಗೆಯೂ ರಸಾಯನ ವಿಜ್ಞಾನಿಗಳಲ್ಲಿ ಒಮ್ಮತವಿರಲಿಲ್ಲ. 1860ರ ಕಾರ್ಲ್ಸ್‌ರೂಹ ಸಮ್ಮೇಳನದಲ್ಲಿ ಕ್ಯಾನಿಜಾರೊ ಈ ವಾದವನ್ನು ಸಮರ್ಥಿಸಿದ ಮೇಲೆ ಅದಕ್ಕೆ ಮನ್ನಣೆ ದೊರೆಯಿತು. ಅಷ್ಟರಲ್ಲಿ ಅವೊಗಾಡ್ರೊ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು.

ಅವೊಗಾಡ್ರೊ ಸಂಖ್ಯೆ

ಅಣುಗಳ ಗಾತ್ರವನ್ನು ಮೊದಲು ಅಂದಾಜಿಸಿದವರು ಲೋಶ್ಮಿಟ್ (1865). 1909ರಲ್ಲಿ ಫ್ರಾನ್ಸಿನ ಜಾನ್ ಪೆರಾನ್ ಈ ಸಂಖ್ಯೆಗೆ ಅವೊಗಾಡ್ರೊ ಹೆಸರನ್ನಿಟ್ಟರು. 2019ರ ಮೇ 20ರಿಂದ ಒಂದು ಮೋಲ್ ಎಂದರೆ ನಿಖರವಾಗಿ 6.02214076 × 10²³ ಕಣಗಳು.

ಮೋಲ್‌ಗಳನ್ನು ಈ ಸಂಖ್ಯೆಯಿಂದ ಗುಣಿಸಿದರೆ ಕಣಗಳ ಎಣಿಕೆ ದೊರೆಯುತ್ತದೆ. ಎಣಿಕೆಯನ್ನು ಇದರಿಂದ ಭಾಗಿಸಿದರೆ ಮೋಲ್‌ಗಳು ದೊರೆಯುತ್ತವೆ. ಹಟ್ಟಿ ಗಣಿಯ ಒಂದು ಗ್ರಾಂ ಶುದ್ಧ ಚಿನ್ನವನ್ನು ತೆಗೆದುಕೊಳ್ಳೋಣ. ಚಿನ್ನದ ಒಂದು ಮೋಲ್ ಸುಮಾರು 197 ಗ್ರಾಂ ತೂಗುವುದರಿಂದ ಇದು 0.00508 ಮೋಲ್, ಪರಮಾಣುಗಳು ಸುಮಾರು 3.06 × 10²¹. ಸಂಯುಕ್ತಗಳಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ಹೆಜ್ಜೆ ಹೆಚ್ಚಿಗೆ ಇದೆ: 18 ಗ್ರಾಂ ನೀರಿನಲ್ಲಿರುವುದು ಸುಮಾರು ಒಂದು ಮೋಲ್ ಅಣುಗಳು. ಪ್ರತಿ ಅಣುವಿನಲ್ಲಿ ಮೂರು ಪರಮಾಣುಗಳಿರುವುದರಿಂದ ಒಟ್ಟು ಪರಮಾಣುಗಳು ಅದರ ಮೂರು ಪಟ್ಟು, ಅಂದರೆ ಸುಮಾರು 1.81 × 10²⁴.