ತಲೆಬುರುಡೆಗಳಲ್ಲಿ ಮೇಲು-ಕೀಳು ಕಾಣದ ಡಾ. ಇರಾವತಿ ಕರ್ವೆ

ಕೋಥರೂಡದ ಕರ್ವೆ ಪುತಳಾ ಸ್ಟಾಪಿನಲ್ಲಿ ಬಸ್ಸು ಹತ್ತಿಳಿಯುವ ನಮ್ಮ ಕನ್ನಡಿಗರಿಗೆ ಆ ಪ್ರತಿಮೆ ಸ್ತ್ರೀಶಿಕ್ಷಣಕ್ಕಾಗಿ ಬಾಳು ಸವೆಸಿದ ಭಾರತರತ್ನ ಮಹರ್ಷಿ ಧೋಂಡೋ ಕೇಶವ ಕರ್ವೆ ಅವರದೆಂದು ಗೊತ್ತು. ಅದೇ ಮನೆತನದ ಸೊಸೆ ಡಾ. ಇರಾವತಿ ಕರ್ವೆ ಅವರನ್ನು ಹೆಚ್ಚಿನವರು 'ಯುಗಾಂತ'ದ ಲೇಖಕಿ ಎಂದೇ ಬಲ್ಲರು. ಮಾನವ ಅನುವಂಶೀಯತೆಯ ಸಂಶೋಧನೆಯಲ್ಲಿ ಅವರು ತೋರಿದ ಧೈರ್ಯದ ಕುರಿತು ತಿಳಿದವರು ಕಡಿಮೆ.

1905ರ ಡಿಸೆಂಬರ್ 15ರಂದು ಬರ್ಮಾದಲ್ಲಿ ಜನಿಸಿದ ಅವರಿಗೆ ಅಲ್ಲಿನ ಇರಾವತಿ ನದಿಯ ಹೆಸರನ್ನೇ ಇಡಲಾಯಿತು. ಪುಣೆಯ ಹುಜೂರಪಾಗಾ ಶಾಲೆ, ಫರ್ಗ್ಯುಸನ್ ಕಾಲೇಜುಗಳಲ್ಲಿ ಓದಿ, ಮಹರ್ಷಿಗಳ ಪುತ್ರ, ರಸಾಯನಶಾಸ್ತ್ರದ ಪ್ರಾಧ್ಯಾಪಕ ದಿನಕರ ಕರ್ವೆ ಅವರ ಕೈಹಿಡಿದರು. ಉನ್ನತ ವ್ಯಾಸಂಗಕ್ಕೆ ಜರ್ಮನಿಗೆ ಹೊರಟಾಗ ಒಪ್ಪದವರು ಸ್ವತಃ ಮಹರ್ಷಿಗಳೇ! ಊರಿನ ಹೆಣ್ಣುಮಕ್ಕಳಿಗೆಲ್ಲ ವಿದ್ಯೆ ಕೊಡಿಸಿದವರಿಗೂ ಸ್ವಂತ ಮನೆಯ ಸೊಸೆಯ ವಿಷಯ ಬೇರೆಯೇ ಆಗಿತ್ತೇನೋ. ಪತಿ ಮಾತ್ರ ಗಟ್ಟಿಯಾಗಿ ಬೆಂಬಲಕ್ಕೆ ನಿಂತರು. ಸಾಲ ಮಾಡಿ 1928ರಲ್ಲಿ ಅವರು ಬರ್ಲಿನ್ ಸೇರಿದರು.

ಅಲ್ಲಿನ ಕೈಸರ್ ವಿಲ್‌ಹೆಲ್ಮ್ ಮಾನವ ಅನುವಂಶೀಯತೆಯ ಸಂಸ್ಥೆಗೆ ಯೂಜೆನ್ ಫಿಶರ್ ನಿರ್ದೇಶಕರು. ಮನುಷ್ಯನ ಕ್ರೋಮೋಸೋಮುಗಳು 46 ಎಂಬುದು ಕೂಡ ಆಗಿನ್ನೂ ಗೊತ್ತಿರಲಿಲ್ಲ; ಅದು ಖಚಿತವಾದದ್ದು 1956ರಲ್ಲಿ. ಆದರೂ ರಕ್ತದಲ್ಲೇ ಉಚ್ಚ-ನೀಚ ಇದೆಯೆಂದು ಸಾಧಿಸಲು ಹೊರಟವರಿಗೆ ಅಲ್ಲಿ ಕೊರತೆ ಇರಲಿಲ್ಲ. ಬಿಳಿಯರ ತಲೆಬುರುಡೆಯ ಎಡ-ಬಲ ಭಾಗಗಳಲ್ಲಿ ಹೆಚ್ಚು ವ್ಯತ್ಯಾಸವಿರುತ್ತದೆ, ಅದೇ ಅವರ ಹೆಚ್ಚಿನ ಬುದ್ಧಿಗೆ ಕಾರಣ ಎಂಬುದು ಫಿಶರ್ ಅವರ ಊಹೆ. ಅದನ್ನು ಪರೀಕ್ಷಿಸುವ ಕೆಲಸ ಇರಾವತಿಯವರ ಪಾಲಿಗೆ ಬಂತು. ಅವರು 149 ತಲೆಬುರುಡೆಗಳನ್ನು ಒಂದೊಂದಾಗಿ ಅಳೆದು ಲೆಕ್ಕ ಹಾಕಿದರು. ಎಡ-ಬಲಗಳ ವ್ಯತ್ಯಾಸ ಎಲ್ಲರಲ್ಲೂ ಇತ್ತು, ಜನಾಂಗಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆಯೇ ಪ್ರಬಂಧದಲ್ಲಿ ಬರೆದರು. ಪದವಿ ಕೊಡಬೇಕಾದ ಗುರುವಿಗೆ, ಅದೂ ಪರದೇಶದಲ್ಲಿ, ಸಾಲದ ಹಣದಲ್ಲಿ ಓದುತ್ತಿದ್ದ ಹೆಣ್ಣುಮಗಳು ಹೀಗೆ ಎದುರು ಬರೆಯುವುದು ಸಣ್ಣ ಮಾತಲ್ಲ. ಪಿಎಚ್.ಡಿ. ದೊರೆಯಿತು, ಆದರೆ ಅತಿ ಕಡಿಮೆ ದರ್ಜೆಯಲ್ಲಿ. ಕೆಲವೇ ವರ್ಷಗಳಲ್ಲಿ ಅದೇ ಫಿಶರ್ ಅವರ ಜನಾಂಗವಾದ ಹಿಟ್ಲರನ ಆಡಳಿತಕ್ಕೆ ಊರುಗೋಲಾಯಿತು.

ಪುಣೆಗೆ ಮರಳಿ ಕೆಲವು ಕಾಲ ಮಹಿಳಾ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಆಗಿದ್ದು, 1939ರಲ್ಲಿ ಡೆಕ್ಕನ್ ಕಾಲೇಜು ಸೇರಿದ ಅವರು ಕೊನೆಯವರೆಗೂ ಅಲ್ಲಿಯೇ ದುಡಿದರು. ಸ್ಕೂಟರ್ ಓಡಿಸುತ್ತಿದ್ದ ಈ ಪ್ರಾಧ್ಯಾಪಕಿಯನ್ನು ಆ ಕಾಲದ ಪುಣೆ ಬೆರಗಿನಿಂದ ನೋಡಿತು. ವಿ.ಎಂ. ದಾಂಡೇಕರ್ ಜೊತೆಗೂಡಿ ಮಹಾರಾಷ್ಟ್ರದ ಜನರ ದೇಹದ ಅಳತೆಗಳ ಗ್ರಂಥವನ್ನು 1951ರಲ್ಲಿ ಹೊರತಂದರು.

1953ರಲ್ಲಿ ಪ್ರಕಟವಾದ ಅವರ ಬಂಧುತ್ವ ವ್ಯವಸ್ಥೆಯ ಗ್ರಂಥ ನಮ್ಮವರು ಓದಲೇಬೇಕಾದದ್ದು. ಸೋದರಮಾವನ ಮಗಳನ್ನು ತರುವ ರೂಢಿ ಮರಾಠಿ ಮನೆಗಳಲ್ಲೂ ಉಂಟು. ಸೋದರಮಾವನಿಗೇ ಅಕ್ಕನ ಮಗಳನ್ನು ಕೊಡುವ ನಮ್ಮ ಪದ್ಧತಿ ಮಾತ್ರ ಅವರಿಗೆ ಹೊಂದದು. ಉತ್ತರ-ದಕ್ಷಿಣಗಳ ಸಂಬಂಧ ಪದ್ಧತಿಗಳು ಮಹಾರಾಷ್ಟ್ರದಲ್ಲಿ ಬೆರೆಯುವುದನ್ನು ಇರಾವತಿಯವರು ವಿವರವಾಗಿ ತೋರಿಸಿದ್ದಾರೆ.

ಒಂದು ಜಾತಿ ಒಡೆದು ಒಳಪಂಗಡಗಳಾದವು ಎಂಬುದು ಮುಂಬಯಿಯಲ್ಲಿ ಅವರಿಗೆ ಎಂ.ಎ. ಕಲಿಸಿದ ಗುರು ಜಿ.ಎಸ್. ಘುರ್ಯೆ ಅವರ ಅಭಿಪ್ರಾಯ. ಬೇರೆ ಬೇರೆ ಮೂಲದ ಗುಂಪುಗಳೇ ಒಂದು ಹೆಸರಿನಡಿ ಸೇರಿವೆ ಎಂಬುದು ಇರಾವತಿಯವರ ವಾದ. ಕೈಲಾಶ್ ಮಲ್ಹೋತ್ರಾ ಜೊತೆಗೆ ಮಹಾರಾಷ್ಟ್ರದ ಎಂಟು ಬ್ರಾಹ್ಮಣ ಒಳಪಂಗಡಗಳ ಜೈವಿಕ ಲಕ್ಷಣಗಳನ್ನು ಹೋಲಿಸಿ 1968ರಲ್ಲಿ ಲೇಖನ ಪ್ರಕಟಿಸಿದರು. ದರ್ಜೆ ಒಂದೇ ಆದರೂ ಗುಂಪುಗಳು ಒಂದೇ ತೆರನಾಗಿರಲಿಲ್ಲ. ಬರ್ಲಿನ್‌ನ ಗುರುವಿನ ಮಾತನ್ನು ಒಪ್ಪದಿದ್ದ ಅವರು ಮುಂಬಯಿಯ ಗುರುವಿನ ಮಾತನ್ನೂ ಅಳೆಯದೆ ಬಿಡಲಿಲ್ಲ. ಅಳತೆಯ ಮೇಲೆ ಅವರಿಗಿದ್ದ ಈ ಭರವಸೆ ಅತಿಯಾಯಿತೆಂದು ಟೀಕಿಸಿದವರೂ ಇದ್ದಾರೆ.

'ಯುಗಾಂತ' 1968ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ ಪಾತ್ರವಾಯಿತು. ಕೊಯ್ನಾ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡವರ ಬದುಕಿನ ಸಮೀಕ್ಷೆಯನ್ನು ಮಗಳು ಜಾಯಿ ನಿಂಬಕರ್ ಜೊತೆ 1969ರಲ್ಲಿ ಪ್ರಕಟಿಸಿದ ಅವರು, ಮರುವರ್ಷ ಆಗಸ್ಟ್ 11ರಂದು ತೀರಿಕೊಂಡರು. ಆಗ ಅವರಿಗೆ 64 ವರ್ಷ.