ರಾಜೇಶ್ವರಿ ಚಟರ್ಜಿ

ಏಪ್ರಿಲ್ ತಿಂಗಳಿನಲ್ಲಿ ಕೊಡಗಿನ ಕಾಫಿ ತೋಟಗಳ ಮೇಲೆ ಹೂಮಳೆ ಕವಿದು ಮಿಂಚು ಹೊಳೆದೊಡನೆ ಮನೆಯ ಹಳೆಯ ರೇಡಿಯೋ ಕರಕರನೆ ಸದ್ದು ಮಾಡುವುದನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಮಿಂಚಿನಿಂದ ಹೊರಟ ವಿದ್ಯುತ್ಕಾಂತೀಯ ಅಲೆಯು ಕರೆಯದೆ ಬಂದ ನೆಂಟನಂತೆ ರೇಡಿಯೋವನ್ನು ಹೊಕ್ಕಿರುತ್ತದೆ. ಮನೆಯಲ್ಲಿ ಇದು ಬರಿಯ ಕಿರಿಕಿರಿ. ಯುದ್ಧವಿಮಾನದಲ್ಲಿ ಒಂದು ಉಪಕರಣದ ಅಲೆಯು ಮತ್ತೊಂದರ ಕೆಲಸವನ್ನು ಕೆಡಿಸಿದರೆ ಅದು ಪ್ರಾಣಕ್ಕೇ ಸಂಚಕಾರ. ಇಂತಹ ಅಲೆಗಳನ್ನು ಅಳೆಯುವ ವಿದ್ಯೆಯನ್ನು ದೂರದೇಶದಲ್ಲಿ ಕಲಿತು ಬಂದು ಬೆಂಗಳೂರಿನಲ್ಲಿ ದುಡಿದವರು ರಾಜೇಶ್ವರಿ ಚಟರ್ಜಿಯವರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರು ಪ್ರಸಿದ್ಧರು.

1922ರಲ್ಲಿ ಜನಿಸಿದ ಅವರಿಗೆ ಅಜ್ಜಿ ಕಮಲಮ್ಮ ದಾಸಪ್ಪನವರೇ ಮೇಲ್ಪಂಕ್ತಿ. ಹಳೆಯ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾದ ಈಕೆ ವಿಧವೆಯರ ವಿದ್ಯಾಭ್ಯಾಸಕ್ಕಾಗಿ ಶ್ರಮಿಸಿದವರು. ಮೊಮ್ಮಗಳು ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ ಎಂ.ಎಸ್‌ಸಿ. ಪದವಿಯನ್ನು ಪಡೆದರು, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗವನ್ನು ಸೇರಿದರು. ಸ್ವಾತಂತ್ರ್ಯ ಬಂದ ವರ್ಷವೇ ವಿದ್ಯಾರ್ಥಿವೇತನದೊಡನೆ ಅಮೆರಿಕೆಯ ಮಿಚಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. 1949ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯ ರೇಡಿಯೋ ಆವರ್ತನ ಮಾಪನ ವಿಭಾಗದಲ್ಲಿ ಎಂಟು ತಿಂಗಳು ತರಬೇತಿ ಹೊಂದಿದರು.

ಅಲೆಯನ್ನು ಅಳೆಯುವುದು ಅಕ್ಕಿಯನ್ನು ಸೇರಿನಲ್ಲಿ ಅಳೆದಂತಲ್ಲ. ಅಳೆಯಲು ಬಳಸುವ ತಂತಿಯೇ ಆಂಟೆನಾದಂತೆ ವರ್ತಿಸಿ ಬೇಡದ ಅಲೆಗಳನ್ನು ಹಿಡಿದುಕೊಳ್ಳಬಹುದು. ಲೋಹದ ಗೋಡೆಯಿರಲಿ, ಅಳೆಯುವವನ ದೇಹವೂ ಅಲೆಯ ಹಾದಿಯನ್ನು ಬದಲಿಸೀತು. ಮಾಪಕದ ಮುಳ್ಳು ಮೇಲೇರಿತೆಂದು ಪರೀಕ್ಷೆಗಿಟ್ಟ ಉಪಕರಣವನ್ನು ಕೂಡಲೇ ದೂರಲಾಗದು. ಆ ಉಪಕರಣವನ್ನು ಆರಿಸಿದ ಮೇಲೂ ಮುಳ್ಳು ಅಲ್ಲಿಯೇ ನಿಂತಿದ್ದರೆ ಅಲೆಯು ಬೇರೆಲ್ಲಿಂದಲೋ ಬರುತ್ತಿದೆ ಎಂದರ್ಥ. ಆಂಟೆನಾ ಹಿಡಿದದ್ದೆಷ್ಟು, ತಂತಿಯಲ್ಲಿ ಕಳೆದುಹೋದದ್ದೆಷ್ಟು ಎಂಬ ಲೆಕ್ಕವೆಲ್ಲ ಮುಗಿದ ಮೇಲೆಯೇ ಅಂಕಿಯು ಮಾತನಾಡುತ್ತದೆ. ಗಣಿತದಿಂದ ಬಂದವರಿಗೆ ಈ ಕೆಲಸ ಒಗ್ಗಿದುದು ಆಶ್ಚರ್ಯವಲ್ಲವೆಂದು ನನ್ನ ಎಣಿಕೆ.

1953ರಲ್ಲಿ ಡಾಕ್ಟರೇಟ್ ಪಡೆದು ಮರಳಿದ ರಾಜೇಶ್ವರಿಯವರು ವಿಜ್ಞಾನ ಸಂಸ್ಥೆಯಲ್ಲಿಯೇ ಅಧ್ಯಾಪಕರಾದರು. ಅದೇ ವರ್ಷ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ವರಿಸಿದರು. ದಂಪತಿಗಳಿಬ್ಬರೂ ಸೇರಿ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನಾಲಯವನ್ನು ಕಟ್ಟಿದರು. ವಿಮಾನಗಳಿಗೂ ಆಕಾಶನೌಕೆಗಳಿಗೂ ಬೇಕಾದ ಆಂಟೆನಾಗಳು ಅವರ ಮುಖ್ಯ ವ್ಯಾಸಂಗವಾದವು. ಆ ಕಾಲದ ವಿಮಾನದ ಮೈ ಬಹುಪಾಲು ಲೋಹ. ಅದಕ್ಕೆ ಕೂಡಿಸಿದ ಆಂಟೆನಾ ಬಯಲಿನಲ್ಲಿದ್ದಂತೆಯೇ ಅಲೆಯನ್ನು ಚೆಲ್ಲುವುದಿಲ್ಲ. ಇಪ್ಪತ್ತು ಮಂದಿ ಸಂಶೋಧಕರು ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು.

1982ರಲ್ಲಿ ನಿವೃತ್ತರಾದ ಮೇಲೆ ಅವರು ಮಹಿಳೆಯರ ಸ್ಥಿತಿಗತಿಗಳ ಅಧ್ಯಯನಕ್ಕೆ ಮನಸ್ಸು ಕೊಟ್ಟರು. ಅಜ್ಜಿ ತುಳಿದ ದಾರಿಗೆ ಮೊಮ್ಮಗಳು ಹೀಗೆ ಮರಳಿದರು. 2010ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು.