ಉಂಗುರದ ಹಿಂದಿನ ಸುಣ್ಣ

ಚೆನ್ನೈನಲ್ಲಿ ನೀರಿನ ಟ್ಯಾಂಕರ್ ಲಾರಿ ನೋಡದೆ ಒಂದು ದಿನವೂ ಕಳೆಯುವುದಿಲ್ಲ. ನನಗೆ ಮಾತ್ರ ಟ್ಯಾಂಕರ್ ಕಂಡರೆ ಈಗ ನೀರಿಗಿಂತ ಮೊದಲು ಸುರಂಗ ನೆನಪಾಗುತ್ತದೆ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಓದಿದ್ದು ಕಂಪ್ಯೂಟರ್ ಸೈನ್ಸಿನಲ್ಲಿ ಎಂಟೆಕ್. ನೆಲದಡಿ ಸುರಂಗ ಕೊರೆಯುವ ಯಂತ್ರಗಳು ಕಳಿಸುವ ಅಂಕಿಗಳನ್ನು ಒಟ್ಟು ಮಾಡಿ ಪರದೆಯ ಮೇಲೆ ತೋರಿಸುವ ಪ್ರೋಗ್ರಾಮ್ ಬರೆಯುವ ತಂಡದಲ್ಲಿದ್ದೇನೆ. ಸುರಂಗದೊಳಗೆ ಇಳಿದದ್ದು ಎರಡೇ ಸಲ. ಊರು ಲೋಕಾಪುರದ ಹತ್ತಿರ. ಸುಣ್ಣದ ಭಟ್ಟಿಗಳ ಹೊಗೆ ನೋಡುತ್ತಲೇ ಬೆಳೆದವನು. ಆದರೂ ಸುಣ್ಣ ಅಂದರೆ ಗೋಡೆಗೆ ಬಳಿಯುವುದು, ಎಲೆ ಅಡಿಕೆಗೆ ಹಚ್ಚುವುದು ಎಂದಷ್ಟೇ ತಿಳಿದಿದ್ದೆ.

ಕೊರೆಯುವ ಯಂತ್ರ ಒಂದಿಷ್ಟು ಮುಂದೆ ಹೋದಂತೆ ಅದರ ಹಿಂದೆ ಕಾಂಕ್ರೀಟ್ ತುಂಡುಗಳನ್ನು ಜೋಡಿಸಿ ಉಂಗುರ ಕಟ್ಟುತ್ತಾರೆ. ಈ ಉಂಗುರವನ್ನು ಯಂತ್ರದ ಹೊಟ್ಟೆಯೊಳಗೇ ಕಟ್ಟಬೇಕು. ಹಾಗಾಗಿ ಅದು ಕೊರೆದ ರಂಧ್ರಕ್ಕಿಂತ ಚಿಕ್ಕದಾಗಿರಲೇಬೇಕು. ರಂಧ್ರ 6.6 ಮೀಟರ್, ಉಂಗುರದ ಹೊರ ವ್ಯಾಸ 6.3 ಮೀಟರ್, ಅಗಲ 1.4 ಮೀಟರ್ ಎಂದಿಟ್ಟುಕೊಳ್ಳಿ. ಸುತ್ತ ಉಳಿಯುವ ಸಂದು ಬರೀ ಒಂದು ಗೇಣಿಗಿಂತ ಕಡಿಮೆ. ಲೆಕ್ಕ ಹಾಕಿದರೆ ಮಾತ್ರ ಪ್ರತಿ ಉಂಗುರಕ್ಕೂ ನಾಲ್ಕು ಸಾವಿರ ಲೀಟರ್ ದಾಟುತ್ತದೆ. ಒಂದು ಸಣ್ಣ ಟ್ಯಾಂಕರ್‌ನಷ್ಟು ಖಾಲಿ ಜಾಗ! ಅದನ್ನು ತಕ್ಷಣ ತುಂಬದಿದ್ದರೆ ಮೇಲಿನ ಮಣ್ಣು ಅಲ್ಲಿಗೆ ಕುಸಿಯುತ್ತದೆ, ಮಣ್ಣಿನ ಹಿಂದೆ ರಸ್ತೆ, ಮನೆಯ ಅಡಿಪಾಯ. ಅದಕ್ಕೇ ಆ ಸಂದಿಗೆ ತೆಳು ಗಾರೆಯನ್ನು ಒತ್ತಡದಲ್ಲಿ ಪಂಪ್ ಮಾಡುತ್ತಾರೆ. ಗ್ರೌಟ್ ಎನ್ನುವುದು ಇದಕ್ಕೇ.

ನಾನು ಮಾಡಿದ ತಪ್ಪೂ ಇದರಲ್ಲೇ. ಪರದೆ ನೀಟಾಗಿ ಕಾಣಲಿ ಎಂದು ಗ್ರೌಟಿನ ಪ್ರಮಾಣವನ್ನು ಹತ್ತು ಉಂಗುರಗಳ ಸರಾಸರಿಯಾಗಿ ತೋರಿಸಿದ್ದೆ. ಒಂದು ರಾತ್ರಿ ಒಂದು ಉಂಗುರಕ್ಕೆ ಗಾರೆ ಕಡಿಮೆ ಹೋಯಿತು. ಉಳಿದ ಒಂಬತ್ತು ಸರಿಯಾಗಿದ್ದುದರಿಂದ ಸರಾಸರಿ ಹಸಿರಾಗಿಯೇ ಇತ್ತು. ಶಿಫ್ಟ್ ಎಂಜಿನಿಯರ್ ತಮ್ಮ ಕೈಬರಹದ ಪುಸ್ತಕ ನೋಡಿ ಹಿಡಿದರು. ಉಂಗುರದಲ್ಲಿರುವ ರಂಧ್ರ ತೆಗೆಸಿ ಮತ್ತೆ ಗಾರೆ ತುಂಬಿಸಿದರು. ಮೇಲೆ ಹಳೆಯ ಮೂರಂತಸ್ತಿನ ಮನೆಯಿತ್ತು. ಅಲ್ಲಿದ್ದವರಿಗೆ ಏನೂ ಗೊತ್ತಾಗಲಿಲ್ಲ. ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ನಮ್ಮಲ್ಲಿನ ಹಿರಿಯ ಎಂಜಿನಿಯರ್ ಒಬ್ಬರು ಬೈಯಲಿಲ್ಲ. ಗ್ರೇಟ್‌ಹೆಡ್ ಯಾರೆಂದು ಗೊತ್ತೇ ಎಂದು ಕೇಳಿದರು. ಗೊತ್ತಿರಲಿಲ್ಲ. ಓದಿಕೊಂಡು ಬಾ ಅಂದರು.

ಜೇಮ್ಸ್ ಹೆನ್ರಿ ಗ್ರೇಟ್‌ಹೆಡ್ ಕೂಡ ಒಂದು ರೀತಿಯಲ್ಲಿ ನಮ್ಮಂತೆಯೇ ಹೊರಊರಿನವನು. ಹುಟ್ಟಿದ್ದು 1844ರಲ್ಲಿ, ದಕ್ಷಿಣ ಆಫ್ರಿಕಾದ ಗ್ರಹಾಮ್ಸ್‌ಟೌನ್‌ನಲ್ಲಿ. 1859ರಲ್ಲಿ ಓದು ಮುಗಿಸಲು ಇಂಗ್ಲೆಂಡಿಗೆ ಬಂದ. ಇಪ್ಪತ್ತರ ವಯಸ್ಸಿಗೆ ಪೀಟರ್ ವಿಲಿಯಂ ಬಾರ್ಲೋ ಎಂಬ ಎಂಜಿನಿಯರ್ ಬಳಿ ಶಿಷ್ಯನಾಗಿ ಸೇರಿದ.

ಆ ಹೊತ್ತಿಗೆ ಲಂಡನ್ನಿನಲ್ಲಿ ಥೇಮ್ಸ್ ನದಿಯ ಕೆಳಗೆ ಸುರಂಗ ಎಂದರೆ ಗುತ್ತಿಗೆದಾರರು ಮಾರು ದೂರ ಸರಿಯುತ್ತಿದ್ದರು. ಮಾರ್ಕ್ ಬ್ರುನೆಲ್ 1825ರಲ್ಲಿ ಆರಂಭಿಸಿದ ಮೊದಲ ಸುರಂಗ ಜನರಿಗೆ ತೆರೆದದ್ದು 1843ರಲ್ಲಿ. ನಡುವೆ ಹಲವು ಸಲ ನದಿ ಒಳನುಗ್ಗಿತ್ತು, ಕಾರ್ಮಿಕರು ಸತ್ತಿದ್ದರು, ಹಣವಿಲ್ಲದೆ ಕೆಲಸ ವರ್ಷಗಟ್ಟಲೆ ನಿಂತಿತ್ತು. ಹಾಗಾಗಿ 1869ರಲ್ಲಿ ಬಾರ್ಲೋ ಲಂಡನ್ ಕೋಟೆಯ ಪಕ್ಕ ಟವರ್ ಸಬ್‌ವೇ ಎಂಬ ಸಣ್ಣ ಸುರಂಗ ತೋಡಲು ಹೊರಟಾಗ ಕೆಲಸ ಹಿಡಿಯುವವರೇ ಇರಲಿಲ್ಲ. ಇಪ್ಪತ್ತನಾಲ್ಕರ ಶಿಷ್ಯ ಮುಂದೆ ಬಂದು 9,400 ಪೌಂಡಿಗೆ ಒಪ್ಪಿಕೊಂಡ. ನಮ್ಮಲ್ಲಿ ಆ ವಯಸ್ಸಿನವರಿಗೆ ಪ್ರೊಡಕ್ಷನ್ ಸರ್ವರಿನ ಪಾಸ್‌ವರ್ಡ್ ಕೊಡಲೂ ಹಿಂದೆಮುಂದೆ ನೋಡುತ್ತಾರೆ.

ಬ್ರುನೆಲ್ ಬಳಸಿದ್ದು ಆಯತಾಕಾರದ ದೊಡ್ಡ ಚೌಕಟ್ಟು. ಗ್ರೇಟ್‌ಹೆಡ್ ದುಂಡನೆಯ ಕಬ್ಬಿಣದ ಕವಚ ಮಾಡಿಸಿದ. ಮುಂದೆ ಜೇಡಿಮಣ್ಣನ್ನು ಕೈಯಲ್ಲಿ ಅಗೆಯುವುದು, ಕವಚವನ್ನು ತಿರುಪು ಜಾಕ್‌ಗಳಿಂದ ಮುಂದೆ ತಳ್ಳುವುದು, ಹಿಂದೆ ಎರಕದ ಕಬ್ಬಿಣದ ತುಂಡುಗಳಿಂದ ಉಂಗುರ ಕಟ್ಟುವುದು. ಸುಮಾರು ಏಳು ಅಡಿ ಅಗಲ, 1,340 ಅಡಿ ಉದ್ದ. ಒಂದು ವರ್ಷ ತುಂಬುವ ಮೊದಲೇ ನದಿಯ ಕೆಳಗೆ ದಾರಿಯಾಯಿತು. ಕವಚ ಸರಿದು ಹೋದಲ್ಲಿ ಉಂಗುರದ ಹಿಂದೆ ಒಂದು ಅಂಗುಲದ ಆಸುಪಾಸಿನ ಸಂದು ಉಳಿಯುತ್ತಿತ್ತು. ಅದಕ್ಕೆ ಅವರು ತುಂಬಿದ್ದು ನೀರಾಗಿ ಕಲಸಿದ ಸುಣ್ಣ. ಸಂದಿಗೆ ದ್ರವ ತುಂಬಬಹುದೆಂಬ ಯೋಚನೆ ಬಾರ್ಲೋನ 1864ರ ಪೇಟೆಂಟಿನಲ್ಲೇ ಇತ್ತು. ಅದನ್ನು ಕೆಲಸಕ್ಕೆ ಬರುವಂತೆ ಮಾಡಿದ್ದು ಶಿಷ್ಯ.

ಟವರ್ ಸಬ್‌ವೇ ವ್ಯಾಪಾರವಾಗಿ ಮಾತ್ರ ಸೋತಿತು. ಹಗ್ಗ ಎಳೆಯುವ ಒಂದೇ ಪುಟ್ಟ ಬಂಡಿ, ಅದರಲ್ಲಿ ಹನ್ನೆರಡು ಜನ. ಕೆಲವೇ ತಿಂಗಳಲ್ಲಿ ಕಂಪನಿ ದಿವಾಳಿಯಾಗಿ, ಸುರಂಗ ಅರ್ಧ ಪೆನ್ನಿ ಕೊಟ್ಟು ನಡೆದುಹೋಗುವ ಕಾಲುದಾರಿಯಾಯಿತು. ಮುಂದಿನ ಹದಿನೈದು ವರ್ಷ ಗ್ರೇಟ್‌ಹೆಡ್ ಬೇರೆ ಬೇರೆ ಕೆಲಸ ಮಾಡಿದ. ವೂಲಿಚ್‌ನಲ್ಲಿ ಇನ್ನೊಂದು ಸುರಂಗದ ಪ್ರಯತ್ನ ಅರ್ಧಕ್ಕೇ ನಿಂತಿತು. ಕವಚವನ್ನು ತಿದ್ದುವುದನ್ನು ಮಾತ್ರ ಬಿಡಲಿಲ್ಲ.

ಅವಕಾಶ ಬಂದದ್ದು 1886ರಲ್ಲಿ. ಸಿಟಿ ಅಂಡ್ ಸೌತ್ ಲಂಡನ್ ರೈಲ್ವೆ ಎಂದು ಹೆಸರಾದ ಮಾರ್ಗ, ಸುಮಾರು ಐದು ಕಿಲೋಮೀಟರ್. ಈ ಸಲ ಮೇಲೆ ನದಿಯಷ್ಟೇ ಅಲ್ಲ, ಜನ ತುಂಬಿದ ಬೀದಿಗಳು. ಸ್ಟಾಕ್‌ವೆಲ್ ಕಡೆ ನೀರು ತುಂಬಿದ ಮರಳು, ಜಲ್ಲಿ ಸಿಕ್ಕಿ, ಒತ್ತಿದ ಗಾಳಿ ತುಂಬಿ ಕೆಲಸ ಮಾಡಬೇಕಾಯಿತು. ಇಲ್ಲಿ ಸಂದು ತುಂಬುವುದಕ್ಕೇ ಆತ ಒಂದು ಯಂತ್ರ ಮಾಡಿದ. ಮುಚ್ಚಿದ ಕಬ್ಬಿಣದ ಪಾತ್ರೆ. ಒಳಗೆ ಸುಣ್ಣ, ನೀರು. ಸುಣ್ಣ ತಳ ಹಿಡಿಯದಂತೆ ತಿರುಗಿಸುವ ಹುಟ್ಟುಗಳು. ಒತ್ತಿದ ಗಾಳಿ ಬಿಟ್ಟರೆ ಸುಣ್ಣದ ನೀರು ಕೊಳವೆಯ ಮೂಲಕ ಉಂಗುರದ ರಂಧ್ರದಿಂದ ಹಿಂಭಾಗಕ್ಕೆ ನುಗ್ಗುತ್ತಿತ್ತು. ಕೆಳಗಿನ ರಂಧ್ರದಿಂದ ಶುರು ಮಾಡಿ ಮೇಲಕ್ಕೆ ತುಂಬುತ್ತ ಹೋಗುವುದು. ನಮ್ಮ ಶಿಫ್ಟ್ ಎಂಜಿನಿಯರ್ ಆ ರಾತ್ರಿ ತೆಗೆಸಿದ್ದು ಅಂಥದೇ ರಂಧ್ರವನ್ನು.

ಇಲ್ಲಿ ಸುಣ್ಣದ ಬಗ್ಗೆ ಸ್ವಲ್ಪ ಹೇಳಲೇಬೇಕು, ಭಟ್ಟಿಯ ಊರಿನವನೆಂಬ ಹಕ್ಕಿನಿಂದ. ಸುಣ್ಣಕಲ್ಲನ್ನು ಸುಟ್ಟು ನೀರು ಹಾಕಿದರೆ ಅದು ಕಾದು, ಅರಳಿ, ಹಿಟ್ಟಾಗುತ್ತದೆ. ಈ ಅರಳಿದ ಸುಣ್ಣ ಗೋಡೆಯ ಮೇಲೆ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ. ಉಂಗುರದ ಹಿಂದೆ ಗಾಳಿಯೆಲ್ಲಿ? ಶುದ್ಧ ಸುಣ್ಣ ಅಲ್ಲಿ ವರ್ಷಗಟ್ಟಲೆ ಮೊಸರಿನಂತೆಯೇ ಉಳಿದೀತು. ಗ್ರೇಟ್‌ಹೆಡ್ ಬಳಸಿದ್ದು ಬ್ಲೂ ಲೈಯಸ್ ಎಂಬ ಕಲ್ಲಿನ ಸುಣ್ಣ. ಆ ಕಲ್ಲಿನಲ್ಲೇ ಜೇಡಿಮಣ್ಣು ಬೆರೆತಿರುವುದರಿಂದ ಅದು ನೀರಿನಲ್ಲೂ ಗಟ್ಟಿಯಾಗುತ್ತದೆ, ಅದೂ ನಿಧಾನವಾಗಿ. ಆ ನಿಧಾನವೇ ಬೇಕಾದದ್ದು. ಕೆಲಸ ಒಂದು ಗಂಟೆ ನಿಂತರೂ ಪಾತ್ರೆಯಲ್ಲಿ, ಕೊಳವೆಯಲ್ಲಿ ಕಲ್ಲಾಗುವುದಿಲ್ಲ. ಸಣ್ಣ ಸಂದಿಗೂ ಹರಿದು ಹೋಗುತ್ತದೆ.

ಇಂದು ಹಲವು ಕಡೆ ಸಿಮೆಂಟು, ಬೇಗ ಗಟ್ಟಿಯಾಗಿಸುವ ರಾಸಾಯನಿಕದ ಗ್ರೌಟ್ ಬಂದಿದೆ. ಆದರೆ ಮರಳು, ಹಾರುಬೂದಿ, ಬೆಂಟೊನೈಟ್ ಜೇಡಿ ಇವುಗಳ ಜತೆ ಅರಳಿದ ಸುಣ್ಣ ಸೇರಿಸಿ, ಸಿಮೆಂಟ್ ಇಲ್ಲದೆಯೇ ಅಥವಾ ಅತಿ ಕಡಿಮೆ ಹಾಕಿ ಮಾಡುವ ಗಾರೆಯೂ ಬಳಕೆಯಲ್ಲಿದೆ. ಅಲ್ಲಿ ಜೇಡಿಮಣ್ಣಿನ ಕೆಲಸವನ್ನು ಉಷ್ಣ ಸ್ಥಾವರದ ಹಾರುಬೂದಿ ಮಾಡುತ್ತದೆ. ಸುಣ್ಣದ ಜತೆ ಸೇರಿ ಗಾಳಿಯಿಲ್ಲದೆಯೂ ನಿಧಾನಕ್ಕೆ ಕಲ್ಲಾಗುತ್ತದೆ. ಸುಣ್ಣ ನೀರನ್ನು ಹಿಡಿದಿಡುವುದರಿಂದ ಗಾರೆ ಪಂಪಿನಲ್ಲಿ ಒಡೆಯುವುದಿಲ್ಲ. ನಮ್ಮ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ ಸುರ್ಕಿ ಗಾರೆಯ ಗುಟ್ಟೂ ಇದೇ. ಅಲ್ಲಿ ಸುಣ್ಣಕ್ಕೆ ಜೋಡಿ ಸುಟ್ಟ ಇಟ್ಟಿಗೆಯ ಪುಡಿ.

1890ರ ನವೆಂಬರ್ 4ರಂದು ವೇಲ್ಸ್ ರಾಜಕುಮಾರ ಆ ಮಾರ್ಗವನ್ನು ಉದ್ಘಾಟಿಸಿದ. ಹಗ್ಗದಿಂದ ಎಳೆಯಬೇಕೆಂದಿದ್ದ ಬೋಗಿಗಳು ಕೊನೆಗೆ ವಿದ್ಯುತ್ತಿನಿಂದ ಓಡಿದವು. ಸುರಂಗದಲ್ಲಿ ನೋಡುವುದೇನಿದೆ ಎಂದು ಬೋಗಿಗೆ ಕಿಟಕಿಯನ್ನೇ ಸರಿಯಾಗಿ ಇಟ್ಟಿರಲಿಲ್ಲವಂತೆ! ಆಮೇಲೆ ಗ್ರೇಟ್‌ಹೆಡ್‌ಗೆ ಬಿಡುವಿರಲಿಲ್ಲ. ಲಿವರ್‌ಪೂಲಿನ ಎತ್ತರದ ರೈಲುಮಾರ್ಗ, ಲಂಡನ್ನಿನ ವಾಟರ್ಲೂ ಅಂಡ್ ಸಿಟಿ, ಸೆಂಟ್ರಲ್ ಲಂಡನ್ ಮಾರ್ಗಗಳು. ಕೊನೆಯ ಎರಡನ್ನು ಆತ ನೋಡಲಿಲ್ಲ. 1896ರ ಅಕ್ಟೋಬರ್ 21ರಂದು ತೀರಿಕೊಂಡಾಗ ವಯಸ್ಸು ಬರೀ ಐವತ್ತೆರಡು. ವಾಟರ್ಲೂ ಮಾರ್ಗ 1898ರಲ್ಲಿ, ಸೆಂಟ್ರಲ್ ಲಂಡನ್ 1900ರಲ್ಲಿ ತೆರೆದವು.

ಇಂದಿಗೂ ಆತನ ಹೆಸರು ಅಂಟಿಕೊಂಡಿರುವುದು ಕವಚಕ್ಕೆ. ಲಂಡನ್ನಿನ ಬ್ಯಾಂಕ್ ನಿಲ್ದಾಣದಲ್ಲಿ ಜನ ಓಡಾಡುವ ಹಾದಿಯಲ್ಲೇ ಅಂಥ ಹಳೆಯ ಕವಚವೊಂದರ ಉಂಗುರಕ್ಕೆ ಕೆಂಪು ಬಣ್ಣ ಬಳಿದು ಉಳಿಸಿದ್ದಾರೆ. ಮೇಲೆ ಕಾರ್ನ್‌ಹಿಲ್ ಬೀದಿಯಲ್ಲಿ 1994ರಲ್ಲಿ ನಿಲ್ಲಿಸಿದ ಪ್ರತಿಮೆಯ ಪೀಠ ನಿಜಕ್ಕೂ ಕೆಳಗಿನ ನಿಲ್ದಾಣಕ್ಕೆ ಗಾಳಿಯಾಡುವ ಕೊಳವೆ. ಸುಣ್ಣಕ್ಕೆ ಪ್ರತಿಮೆಯಿಲ್ಲ. ಅದು ಕಾಣದ ಜಾಗದಲ್ಲಿದೆ. ಕವಚ ಇಲ್ಲದೆ ಸುರಂಗ ಆಗುತ್ತಿರಲಿಲ್ಲ, ಸರಿ. ಸುಣ್ಣ ಇಲ್ಲದೆ ಆಗಿದ್ದರೆ ಮೇಲಿನ ಬೀದಿ ಉಳಿಯುತ್ತಿತ್ತೇ ಎಂಬುದು ನನ್ನ ಅನುಮಾನ.

ಓದಿ ಮುಗಿಸಿ ಹಿರಿಯರಿಗೆ ಇಷ್ಟನ್ನೂ ಒಪ್ಪಿಸಿದೆ. ಕೇಳಿಸಿಕೊಂಡು, ಸರಾಸರಿ ಯಾವಾಗ ತೆಗೆಯುತ್ತೀ ಅಂದರು. ಅದೇ ವಾರ ತೆಗೆದೆ. ಈಗ ಪ್ರತಿ ಉಂಗುರಕ್ಕೂ ಒಂದು ಸಾಲು. ಗಾರೆ ಕಡಿಮೆಯಾದರೆ ರಾತ್ರಿ ಎರಡು ಗಂಟೆಗೂ ಫೋನ್ ಬಡಿದುಕೊಳ್ಳುತ್ತದೆ, ನನ್ನದೂ ಸೇರಿ. ಶಿಫ್ಟ್ ಎಂಜಿನಿಯರ್ ಮಾತ್ರ ಕೈಬರಹದ ಪುಸ್ತಕವನ್ನು ಇನ್ನೂ ಬಿಟ್ಟಿಲ್ಲ.